ಬಣ್ಣದ ಪರದೆಯಿಂದ ಬೆಳಕಿನ ಗೋಡೆಯವರೆಗೆ

ರಂಗಸಜ್ಜಿಕೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ನಟರ ಬೆನ್ನ ಹಿಂದೆ ಇಳಿಬಿಟ್ಟ ಒಂದು ಚಿತ್ರ: ಅರಮನೆಯ ಕಂಬಗಳು, ದಟ್ಟವಾದ ಕಾಡು, ಇಲ್ಲವೇ ಹರಿಯುವ ಹೊಳೆ. ಮದುವೆಯ ಮಂಟಪಕ್ಕೆ ಹೂವಿನ ಹಾರವಿದ್ದಂತೆ ಅದು ನಾಟಕಕ್ಕೊಂದು ಅಲಂಕಾರ, ಇದ್ದರೆ ಚೆಂದ, ಇಲ್ಲದಿದ್ದರೆ ಮುಹೂರ್ತವೇನೂ ತಪ್ಪದು ಎಂಬುದು ಸಾಮಾನ್ಯ ಭಾವನೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ, ಪ್ರತಿವರ್ಷವೂ ಡಿಸೆಂಬರ್ ಬಂತೆಂದರೆ ವಾರ್ಷಿಕೋತ್ಸವದ ನಾಟಕಕ್ಕಾಗಿ ಸುತ್ತಿಗೆ ಮೊಳೆಗಳನ್ನು ಹಿಡಿದು ನಿಲ್ಲುತ್ತಿದ್ದ ನನಗೆ ಈ ಭಾವನೆ ಎಂದೂ ಒಪ್ಪಿಗೆಯಾಗಲಿಲ್ಲ. ನಟನಿಗೆ ನಿಲ್ಲಲು, ಏರಲು, ಮರೆಯಾಗಲು ಎಡೆ ಮಾಡಿಕೊಡುವುದು ರಂಗಸಜ್ಜಿಕೆಯ ಮೊದಲ ಕೆಲಸ. ನೋಡುವವರ ಕಲ್ಪನೆಗೆ ಒಂದು ಆಸರೆಯನ್ನು ಕೊಟ್ಟು ಮಿಕ್ಕದ್ದನ್ನು ಅವರಿಗೇ ಬಿಡುವುದು ಎರಡನೆಯದು. ಶಾಲೆಯಲ್ಲಿ ಅದಕ್ಕೆ ಮೂರನೆಯ ಕೆಲಸವೂ ಉಂಟು. ಅದು ಪಾಠ ಕಲಿಸುತ್ತದೆ.

ಇದನ್ನು ಈಗ ಬರೆಯಲು ಕಾರಣವಿದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಬಳಗವು ಶಾಲೆಯ ರಂಗಮಂಟಪಕ್ಕೆ ಎಲ್‌ಇಡಿ ಪರದೆಯೊಂದನ್ನು ಕಾಣಿಕೆಯಾಗಿ ಕೊಡಬೇಕೆಂದು ಹಣ ಸಂಗ್ರಹಿಸುತ್ತಿರುವುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಮೇಷ್ಟ್ರ ಅಭಿಪ್ರಾಯವೇನೆಂದು ಮೂರು ನಾಲ್ಕು ಮಂದಿ ಕೇಳಿದ್ದಾರೆ. ಫೋನಿನಲ್ಲಿ ಎರಡು ಮಾತಿನಲ್ಲಿ ಬೇಡವೆಂದುಬಿಟ್ಟರೆ ಮುದುಕನ ಹಠವೆಂದು ತೋರೀತು. ಆದ್ದರಿಂದ ನನ್ನ ಅಭಿಪ್ರಾಯವನ್ನು ಕಾರಣಸಹಿತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಪ್ರಮೇಯವನ್ನು ಸಾಧಿಸದೆ ಉತ್ತರವನ್ನಷ್ಟೇ ಬರೆದವರಿಗೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬಹುದು.

ಮೊದಲಿಗೆ ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೇಗೆ ಯೋಚಿಸಿದ್ದರೆಂಬುದನ್ನು ನೋಡೋಣ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ನಾಟ್ಯಗೃಹದ ನಿರ್ಮಾಣವನ್ನು ಕುರಿತದ್ದು. ಆಕಾರದಲ್ಲಿ ವಿಕೃಷ್ಟ, ಚತುರಸ್ರ, ತ್ರ್ಯಸ್ರ ಎಂದು ಮೂರು ಬಗೆ. ಅಳತೆಯಲ್ಲಿ 108, 64, 32 ಹಸ್ತಗಳೆಂದು ಮತ್ತೆ ಮೂರು ಬಗೆ. ಇವುಗಳಲ್ಲಿ ಮನುಷ್ಯರಿಗೆ ತಕ್ಕದ್ದೆಂದು ಭರತನು ಆರಿಸುವುದು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗೃಹವನ್ನು. ಹಸ್ತವೆಂದರೆ ಸುಮಾರು ಒಂದೂವರೆ ಅಡಿ. ಅಂದರೆ 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ಪ್ರೇಕ್ಷಕರಿಗೆ, ಉಳಿದರ್ಧ ರಂಗಕ್ಕೂ ನೇಪಥ್ಯಕ್ಕೂ. ಲೆಕ್ಕ ಹಾಕಿದರೆ ಕಟ್ಟಕಡೆಯಲ್ಲಿ ಕುಳಿತವನಿಗೂ ರಂಗದ ಅಂಚಿಗೂ ನಡುವೆ 48 ಅಡಿಗಳಿಗಿಂತ ಹೆಚ್ಚು ದೂರವಿರದು. ಗೃಹವು ಇದಕ್ಕಿಂತ ಹಿರಿದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದಾಗುತ್ತದೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಇಡೀ ಕಟ್ಟಡದ ಅಳತೆಯನ್ನು ನಟನ ಧ್ವನಿ ಮತ್ತು ಮುಖಗಳಿಂದ ನಿರ್ಧರಿಸಿದ ಈ ವಿವೇಕವನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಸ್ಥಳ ಬದಲಾದುದನ್ನು ತೋರಿಸುವುದಕ್ಕೂ ಅವರು ಚಿತ್ರವನ್ನು ನೆಚ್ಚಲಿಲ್ಲ. ರಂಗವನ್ನು ಮನಸ್ಸಿನಲ್ಲೇ ಭಾಗಗಳಾಗಿ ವಿಂಗಡಿಸಿಕೊಂಡು, ನಟನು ಒಂದು ಸುತ್ತು ಹಾಕಿದರೆ ಬೇರೆ ಸ್ಥಳಕ್ಕೆ ಬಂದನೆಂದು ತಿಳಿಯುವ ಪದ್ಧತಿಗೆ ಕಕ್ಷ್ಯಾವಿಭಾಗವೆಂದು ಹೆಸರು. ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ರಥವೇರಿ ಜಿಂಕೆಯನ್ನು ಅಟ್ಟಿಕೊಂಡು ಬರುತ್ತಾನೆ. ರಂಗದ ಮೇಲೆ ರಥವೂ ಬೇಕಿಲ್ಲ, ಜಿಂಕೆಯೂ ಬೇಕಿಲ್ಲ. ಓಟದ ವೇಗವನ್ನು ನಟರು ಅಭಿನಯಿಸಿ ತೋರಿಸಬೇಕು. ನಮ್ಮ ಯಕ್ಷಗಾನದ ಬಯಲಾಟದಲ್ಲಿ ಇಂದಿಗೂ ಈ ಬಗೆಯ ಯೋಚನೆಯೇ ಜೀವಂತವಾಗಿದೆ. ನಾಲ್ಕು ಕಂಬ, ಮಾವಿನ ತೋರಣ, ಇಬ್ಬರು ಹಿಡಿದ ಒಂದು ತೆರೆ, ಕುಳಿತುಕೊಳ್ಳಲು ಒಂದು ಪೀಠ. ಬಡಗಿನವರು ಆ ಪೀಠವನ್ನು ರಥವೆಂದೇ ಕರೆಯುತ್ತಾರೆ. ಕೌರವನು ಕುಳಿತರೆ ಅದು ಸಿಂಹಾಸನ, ಬೇರೊಬ್ಬನು ಏರಿ ನಿಂತರೆ ಬೆಟ್ಟ. ಬೆಳಗಿನ ಜಾವದವರೆಗೆ ಕುಳಿತು ನೋಡುವ ರೈತನಿಗೆ ಅರಮನೆ ಎಲ್ಲಿದೆಯೆಂಬ ಸಂಶಯ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಬಣ್ಣದ ಪರದೆಗಳು ಎಲ್ಲಿಂದ ಬಂದವು? 19ನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಪಾರ್ಸಿ ನಾಟಕ ಮಂಡಳಿಗಳು ಇಂಗ್ಲಿಷ್ ರಂಗಭೂಮಿಯ ಚೌಕಟ್ಟಿನ ವೇದಿಕೆಯನ್ನೂ ಚಿತ್ರಿತ ಪರದೆಗಳನ್ನೂ ಯಂತ್ರದ ಚಮತ್ಕಾರಗಳನ್ನೂ ತಂದವು. ಅವುಗಳಿಂದಲೂ ಮರಾಠಿ ಮಂಡಳಿಗಳಿಂದಲೂ ನಮ್ಮ ಕಂಪನಿಗಳು ಕಲಿತವು. 1884ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ಬೆಳೆದ ಗುಬ್ಬಿ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕತೆಯನ್ನು ನಮ್ಮ ತಂದೆಯವರ ತಲೆಮಾರಿನವರು ಕಣ್ಣರಳಿಸಿ ಹೇಳುತ್ತಿದ್ದರು. ಊರಿನ ನಾಟಕಗಳಿಗೆ ಬಾಡಿಗೆಗೆ ತರುತ್ತಿದ್ದ ಡ್ರಾಮಾ ಸೀನರಿಯೂ ಈ ಕಂಪನಿಗಳದೇ ಬಳುವಳಿ. ದರ್ಬಾರು, ಕಾಡು, ಉದ್ಯಾನ, ಅಂತಃಪುರ, ರಸ್ತೆ ಎಂದು ಲೆಕ್ಕದ ಪರದೆಗಳು. ಪೌರಾಣಿಕಕ್ಕೂ ಸಾಮಾಜಿಕಕ್ಕೂ ಅವೇ.

ಅವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಪರದೆಗಳ ಹಿಂದೆ ನುರಿತ ಚಿತ್ರಗಾರರ ಕೈಯಿತ್ತು, ಉಪಾಯವೂ ಇತ್ತು. ಮುಂದೆ ರಸ್ತೆಯ ಪರದೆಯನ್ನು ಇಳಿಬಿಟ್ಟು ಅದರೆದುರು ಹಾಸ್ಯದ ದೃಶ್ಯವೊಂದನ್ನು ನಡೆಸುತ್ತಿರುವಾಗಲೇ ಹಿಂದೆ ಸದ್ದಿಲ್ಲದೆ ದರ್ಬಾರನ್ನು ಸಿದ್ಧಪಡಿಸುತ್ತಿದ್ದರು. ಪ್ರೇಕ್ಷಕರು ನಗುತ್ತಿದ್ದಷ್ಟು ಹೊತ್ತಿನಲ್ಲಿ ಸಿಂಹಾಸನ ಬಂದಿರುತ್ತಿತ್ತು. ಎಷ್ಟೋ ನಾಟಕಗಳ ಬರವಣಿಗೆಯನ್ನೇ ಈ ಅನುಕೂಲಕ್ಕೆ ತಕ್ಕಂತೆ ಹೊಂದಿಸುತ್ತಿದ್ದರು. ಆದರೆ ಪರದೆಯ ಮುಂದಿನ ನಟನಿಗೂ ಹಿಂದಿನ ಚಿತ್ರಕ್ಕೂ ಸಂಬಂಧ ತೆಳುವಾಗಿತ್ತು. ಚಿತ್ರದಲ್ಲಿ ಮೆಟ್ಟಿಲಿದ್ದರೂ ಅವನು ಏರಲಾರ, ಮರವಿದ್ದರೂ ಒರಗಲಾರ. ಒರಗಿದರೆ ಮರವೇ ಅಲ್ಲಾಡುತ್ತಿತ್ತು.

ಇದೇ ಕಂಪನಿಯ ಅಂಗಳದಲ್ಲಿ ಹುಡುಗನಾಗಿ ಬೆಳೆದ ಬಿ. ವಿ. ಕಾರಂತರು (1929–2002) ಮುಂದೆ ಕನ್ನಡ ರಂಗಭೂಮಿಯನ್ನು ಮತ್ತೆ ಬಯಲಿನ ಸರಳತೆಯ ಕಡೆಗೆ ತಿರುಗಿಸಿದವರಲ್ಲಿ ಪ್ರಮುಖರಾದದ್ದು ಸ್ವಾರಸ್ಯದ ಸಂಗತಿ. 1971ರಲ್ಲಿ ಬಂದ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಯಕ್ಷಗಾನದ ಅರ್ಧತೆರೆಯೇ ಮುಖ್ಯ ಸಜ್ಜಿಕೆ. ಚಿತೆಯ ದೃಶ್ಯಕ್ಕೆ ಕೂಡ ಜ್ವಾಲೆಗಳನ್ನು ಬರೆದ ಒಂದು ತೆರೆಯನ್ನು ಹಿಡಿದರೆ ಸಾಕು. ಬಟ್ಟೆಯೆಂದು ಗೊತ್ತಿದ್ದೂ ನೋಡುವವರ ಎದೆ ಝಲ್ಲೆನ್ನುತ್ತದೆ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1985ರಲ್ಲಿ ತಿರುಗಾಟವನ್ನು ಆರಂಭಿಸಿದಾಗ ಈ ಸರಳತೆಯು ಅನಿವಾರ್ಯವೂ ಆಯಿತು. ಇಂದು ಒಂದೂರು, ನಾಳೆ ಇನ್ನೊಂದೂರು. ಇಡೀ ಸಜ್ಜಿಕೆಯು ಒಂದು ವಾಹನದಲ್ಲಿ ಹಿಡಿಸಬೇಕು. ಕೆಲವೇ ಗಂಟೆಗಳಲ್ಲಿ ನಿಲ್ಲಬೇಕು. ಒಂದೂರಿನ ಸಭಾಭವನಕ್ಕೂ ಮತ್ತೊಂದೂರಿನ ಶಾಲೆಯ ಅಂಗಳಕ್ಕೂ ಒಗ್ಗಬೇಕು. ಆ ತಂಡವು ಬಂದಾಗಲೆಲ್ಲ ನಾನು ನಾಟಕಕ್ಕೆ ಎರಡು ಗಂಟೆ ಮುಂಚಿತವಾಗಿ ಹೋಗಿ ಅವರು ಸಜ್ಜಿಕೆ ಕಟ್ಟುವುದನ್ನು ನೋಡುತ್ತಿದ್ದೆ. ಸಂಜೆ ರಾಜನಾಗಿ ಮೆರೆಯುವವನೇ ಮಧ್ಯಾಹ್ನ ಏಣಿ ಹತ್ತಿ ಹಗ್ಗ ಬಿಗಿಯುತ್ತಿದ್ದ. ನಮ್ಮ ಶಾಲೆಯ ನಾಟಕಗಳ ರೀತಿ ಬದಲಾದದ್ದು ಹೀಗೆ ನೋಡಿ ಕಲಿತದ್ದರಿಂದ.

ಅಲ್ಲಿಯವರೆಗೆ ಪಕ್ಕದ ಪೇಟೆಯಿಂದ ಸೀನರಿ ಬಾಡಿಗೆಗೆ ತರುತ್ತಿದ್ದ ನಾವು ಆಮೇಲೆ ನಮ್ಮ ಕೈಯಲ್ಲೇ ಮಾಡತೊಡಗಿದೆವು. ಮಲೆನಾಡಿನ ಶಾಲೆಗೆ ಸಾಮಗ್ರಿಯ ಕೊರತೆಯೇನು? ಬಿದಿರು, ಅಡಿಕೆ ದಬ್ಬೆ, ಗೋಣಿಚೀಲ, ಹಳೆಯ ಪತ್ರಿಕೆ, ಮೈದಾ ಅಂಟು, ಸುಣ್ಣ, ಕೆಮ್ಮಣ್ಣು. ನಾನು ಚಿತ್ರಗಾರನಲ್ಲ, ಬಡಗಿಯೂ ಅಲ್ಲ, ಗಣಿತದ ಮೇಷ್ಟ್ರು. ಆದರೆ ಕೆಲಸಕ್ಕೆ ಇಳಿದ ಮೇಲೆ ರಂಗಸಜ್ಜಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಣಿತವೇ ಎಂದು ತಿಳಿಯಿತು.

ಮೊದಲು ರಟ್ಟಿನ ಮಾದರಿ. ಒಂದು ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ 24 ಅಡಿ ಅಗಲದ ನಮ್ಮ ವೇದಿಕೆಯು 12 ಅಂಗುಲದ ಪೆಟ್ಟಿಗೆಯಾಗುತ್ತಿತ್ತು; ಐದಡಿಯ ಹುಡುಗಿ ಎರಡೂವರೆ ಅಂಗುಲದ ಗೊಂಬೆಯಾಗುತ್ತಿದ್ದಳು. ಪ್ರಮಾಣವೆಂದರೇನೆಂದು ಹಲಗೆಯ ಮೇಲೆ ಬರೆದು ತಿಳಿಸಲಾಗದಿದ್ದವರಿಗೂ ಆ ಪೆಟ್ಟಿಗೆಯ ಮುಂದೆ ಕುಳಿತಾಗ ತಿಳಿಯುತ್ತಿತ್ತು. ಆಮೇಲೆ ಚೌಕಟ್ಟು. ನಾಲ್ಕು ರೀಪರುಗಳನ್ನು ಮೊಳೆ ಹೊಡೆದು ಜೋಡಿಸಿದರೆ ಅದು ವಾಲುತ್ತದೆ. ಮೂಲೆಗೆ ಒಂದು ಅಡ್ಡಪಟ್ಟಿ ಹೊಡೆದು ತ್ರಿಕೋನ ಮಾಡಿದೊಡನೆ ಅಲುಗದೆ ನಿಲ್ಲುತ್ತದೆ. ಮೂಲೆಯು ಲಂಬವಾಗಿದೆಯೇ ಎಂದು ತಿಳಿಯಲು ಒಂದು ಬದಿಯಲ್ಲಿ ಮೂರು ಅಡಿ, ಇನ್ನೊಂದರಲ್ಲಿ ನಾಲ್ಕು ಅಡಿ ಗುರುತು ಹಾಕಿ ನಡುವಿನ ದೂರ ಸರಿಯಾಗಿ ಐದು ಅಡಿ ಬಂತೇ ಎಂದು ಅಳೆಯಬೇಕು. ಪೈಥಾಗೊರಸನ ಪ್ರಮೇಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಅದನ್ನು ಮರೆತಿರಬಹುದು. ಆ ಚೌಕಟ್ಟನ್ನು ಕಟ್ಟಿದವರು ಮರೆತಿರಲಾರರು.

ಮುಂದಿನ ಸಾಲಿನ ಎರಡೂ ತುದಿಗಳಲ್ಲಿ ಕುಳಿತವರಿಗೆ ಏನು ಕಾಣುತ್ತದೆ ಎಂಬುದಕ್ಕೆ ಆ ಕುರ್ಚಿಗಳಿಂದ ವೇದಿಕೆಗೆ ದಾರ ಎಳೆದು ನೋಡುತ್ತಿದ್ದೆವು. ದಾರಗಳ ಹೊರಗೆ ಉಳಿದ ಜಾಗದಲ್ಲಿ ಮುಖ್ಯವಾದ ಯಾವ ಕ್ರಿಯೆಯೂ ನಡೆಯಬಾರದು. ಉದ್ದನೆಯ ಲಂಗ, ಸೀರೆಗಳನ್ನು ಉಟ್ಟವರು ಏರಬೇಕಾದ ಮೆಟ್ಟಿಲಿನ ಎತ್ತರ ಆರೇಳು ಅಂಗುಲಗಳನ್ನು ಮೀರಬಾರದು. ಕೆಂಪು ಬಟ್ಟೆಯ ಮೇಲೆ ಹಸಿರು ಬೆಳಕು ಬಿದ್ದರೆ ಅದು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಬಣ್ಣವನ್ನು ಹಗಲು ಬೆಳಕಿನಲ್ಲಿ ಆರಿಸಿ ಮುಗಿಸುವಂತಿಲ್ಲ, ರಾತ್ರಿ ದೀಪದಡಿಯಲ್ಲಿಯೂ ನೋಡಬೇಕು. ವಿಜ್ಞಾನದ ಮೇಷ್ಟ್ರು ಈ ಒಂದು ಸಂಗತಿಯನ್ನು ತೋರಿಸಲೆಂದೇ ತಮ್ಮ ತರಗತಿಯನ್ನು ವೇದಿಕೆಗೆ ಕರೆತಂದದ್ದುಂಟು.

ಇವೆಲ್ಲಕ್ಕಿಂತ ದೊಡ್ಡ ಪಾಠವನ್ನು ಕಲಿಸಿದ್ದು ‘ಪಂಜರ ಶಾಲೆ’ ನಾಟಕ. ರವೀಂದ್ರನಾಥ ಠಾಕೂರರ ಗಿಳಿಯ ಕತೆಯನ್ನು ಆಧರಿಸಿ ಕಾರಂತರು ಮಕ್ಕಳಿಗಾಗಿ ರೂಪಿಸಿದ ನಾಟಕವದು. ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನು ಆಜ್ಞಾಪಿಸುತ್ತಾನೆ. ಬಂಗಾರದ ಪಂಜರ ಸಿದ್ಧವಾಗುತ್ತದೆ. ಪಂಡಿತರು, ಲಿಪಿಕಾರರು, ಅಕ್ಕಸಾಲಿಗರು ಎಲ್ಲರೂ ಕೊಬ್ಬುತ್ತಾರೆ. ಗಿಳಿಯೊಂದು ಮಾತ್ರ ಸೊರಗುತ್ತದೆ. ಇದನ್ನು ನಾವು ಆಡಿಸಿದಾಗ ಪಂಜರವನ್ನು ಹೇಗೆ ಮಾಡುವುದೆಂಬ ಪ್ರಶ್ನೆ ಎದ್ದಿತು. ನನ್ನ ಯೋಜನೆಯಲ್ಲಿ ತಂತಿ, ಬಂಗಾರದ ಕಾಗದಗಳ ದೊಡ್ಡ ಪಟ್ಟಿಯೇ ಇತ್ತು. ನಾಟಕದಲ್ಲಿ ಪಾತ್ರ ಸಿಗದೆ ಸಜ್ಜಿಕೆಯ ಗುಂಪಿಗೆ ಬಂದಿದ್ದ, ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗ, “ಸಾರ್, ನಾವೇ ಪಂಜರ ಆದರೆ ಆಗೋದಿಲ್ವಾ?” ಎಂದ. ಹನ್ನೆರಡು ಮಕ್ಕಳು ಒಂದೊಂದು ಬಿದಿರು ಕೋಲು ಹಿಡಿದು ಗಿಳಿಯ ಸುತ್ತ ನಿಂತರು. ರಾಜನ ಆಜ್ಞೆ ಕಠಿಣವಾದಂತೆಲ್ಲ ಒಂದು ಹೆಜ್ಜೆ ಒಳಕ್ಕೆ ಸರಿದರು. ಪಂಜರವು ಕಣ್ಣೆದುರಿಗೇ ಕಿರಿದಾಯಿತು. ಕೊನೆಗೆ ಕೋಲುಗಳ ನಡುವೆ ಗಿಳಿಯಾಗಿದ್ದ ಹುಡುಗಿಯ ಕೈಯೊಂದೇ ಕಾಣುತ್ತಿತ್ತು. ಸಭೆಯಲ್ಲಿ ಗದ್ದಲ ಮಾಡುತ್ತಿದ್ದ ಚಿಕ್ಕಮಕ್ಕಳೂ ಸುಮ್ಮನಾದರು. ಖರ್ಚಾದದ್ದು ಶೂನ್ಯ, ಬಿದಿರು ಶಾಲೆಯ ಹಿತ್ತಿಲಿನದು.

ಈಗ ಎಲ್‌ಇಡಿ ಪರದೆಯ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳಿಂದ ಹಲವು ಶಾಲೆಗಳ ವಾರ್ಷಿಕೋತ್ಸವಗಳಿಗೆ ಅತಿಥಿಯಾಗಿ ಹೋಗುತ್ತಿದ್ದೇನೆ. ಒಂದು ಕಡೆ ಮಕ್ಕಳು ಪೌರಾಣಿಕ ನಾಟಕವೊಂದನ್ನು ಆಡುತ್ತಿದ್ದರು. ಹಿಂದಿನ ಪರದೆಯಲ್ಲಿ ಜಲಪಾತವೊಂದು ಧುಮ್ಮಿಕ್ಕುತ್ತಿತ್ತು, ಹಕ್ಕಿಗಳು ಹಾರುತ್ತಿದ್ದವು. ಕುಂತಿಯ ಪಾತ್ರದ ಹುಡುಗಿ ಅಳುತ್ತ ಮಾತನಾಡುತ್ತಿದ್ದಳು. ನನ್ನ ಕಣ್ಣು ಮಾತ್ರ ಹಕ್ಕಿಗಳ ಹಿಂದೆ ಹೋಗುತ್ತಿತ್ತು. ಇದು ನನ್ನೊಬ್ಬನ ಚಾಂಚಲ್ಯವೇನೂ ಅಲ್ಲ. ಹೆಚ್ಚು ಪ್ರಕಾಶವಾದದ್ದು, ಚಲಿಸುತ್ತಿರುವುದು ಎರಡೂ ಕಣ್ಣನ್ನು ಮೊದಲು ಸೆಳೆಯುತ್ತವೆ. ಬಣ್ಣದ ಪರದೆಯು ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುತ್ತಿತ್ತು. ಎಲ್‌ಇಡಿ ಪರದೆಯು ತಾನೇ ಬೆಳಕನ್ನು ಸೂಸುವ ಗೋಡೆ. ಅದರೆದುರು ನಿಂತವರ ಮುಖ ಮಂಕಾಗುತ್ತದೆ. ಮುಖ ಕಾಣಲೆಂದು ಮುಂದಿನಿಂದ ದೀಪ ಹೆಚ್ಚಿಸಿದರೆ ಹಿಂದಿನ ಚಿತ್ರ ತೇಲುತ್ತದೆ. ಚಿತ್ರ ಚೆನ್ನಾಗಿರಲೆಂದು ದೀಪ ತಗ್ಗಿಸಿದರೆ ಮಕ್ಕಳು ನೆರಳುಗಳಾಗುತ್ತಾರೆ. ಆ ದಿನ ದೀಪ ತಗ್ಗಿಸಿದ್ದರು. ತನ್ನ ಮಗಳು ಯಾರೆಂದು ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಕೊನೆಯವರೆಗೂ ಹುಡುಕುತ್ತಿದ್ದರು.

ಭರತನ 48 ಅಡಿಯ ಲೆಕ್ಕವು ನನಗೆ ಅಲ್ಲಿ ನೆನಪಾಯಿತು. ಮುಖ ಕಾಣಲೆಂದು ಕಟ್ಟಡವನ್ನೇ ಚಿಕ್ಕದಾಗಿಸಿದವರ ಮುಂದೆ, ಚಿತ್ರ ಕಾಣಲೆಂದು ಮುಖವನ್ನೇ ಕತ್ತಲಾಗಿಸಿದ ನಾವು!

ಪರದೆಯೆಂಬ ವಸ್ತುವೇ ರಂಗಕ್ಕೆ ಅಯೋಗ್ಯವೆಂದು ನಾನು ಹೇಳುತ್ತಿಲ್ಲ. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಜೆಕೊಸ್ಲೊವಾಕಿಯಾದ ಆಲ್ಫ್ರೆಡ್ ರಾಡೊಕ್ ಮತ್ತು ರಂಗವಿನ್ಯಾಸಕ ಜೋಸೆಫ್ ಸ್ವೊಬೋದಾ ಅವರು ಚಲನಚಿತ್ರವನ್ನೂ ಜೀವಂತ ನಟರನ್ನೂ ಒಂದೇ ರಂಗದಲ್ಲಿ ಬೆಸೆದು ‘ಲಾಟರ್ನಾ ಮಾಗಿಕಾ’ ಎಂಬ ಹೊಸ ಪ್ರಕಾರವನ್ನೇ ತೋರಿಸಿದರು. ಅಲ್ಲಿ ಚಿತ್ರಕ್ಕೂ ನಟನಿಗೂ ಸಂವಾದವಿತ್ತು. ಪ್ರತಿಯೊಂದು ಚಲನೆಯನ್ನೂ ಅಭ್ಯಾಸ ಮಾಡಿ ಹೊಂದಿಸಿದ್ದರು. ನಮ್ಮ ಶಾಲೆಗಳಲ್ಲಿ ಆಗುತ್ತಿರುವುದು ಬೇರೆ. ಯಾರೋ ಎಲ್ಲಿಯೋ ತೆಗೆದ ಜಲಪಾತವನ್ನು ಅಂತರ್ಜಾಲದಿಂದ ಇಳಿಸಿಕೊಂಡು ಹಾಕುವವನು ನಾಟಕವನ್ನು ಓದಿರುವುದಿಲ್ಲ. ದರ್ಬಾರು ಪರದೆಯ ಕಾಲದಲ್ಲಿ ಅದನ್ನು ಬರೆದ ಚಿತ್ರಗಾರನಾದರೂ ಇದ್ದ.

“ಸಾರ್, ಇಂದಿನ ಮಕ್ಕಳು ಸಿನಿಮಾ, ಮೊಬೈಲು ನೋಡಿ ಬೆಳೆದವರು, ಬರಿಯ ಕೋಲು ಪೆಟ್ಟಿಗೆಗಳನ್ನು ಅವರು ಒಪ್ಪುವರೇ?” ಎಂದು ಬಳಗದವರೊಬ್ಬರು ಕೇಳಿದರು. ನಿಜವಾದ ಪ್ರಶ್ನೆ. ಇದಕ್ಕೆ ಉತ್ತರವಾಗಿ ಮೈಸೂರಿನ ರಂಗಾಯಣವು 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಆಡಿದ ‘ಮಲೆಗಳಲ್ಲಿ ಮದುಮಗಳು’ ನಾಟಕವನ್ನು ನೆನಪಿಸುತ್ತೇನೆ. ಕುವೆಂಪು ಅವರ ಕಾದಂಬರಿಯನ್ನು ಬಯಲಿನಲ್ಲಿ, ಹಲವು ವೇದಿಕೆಗಳ ಮೇಲೆ, ರಾತ್ರಿಯಿಡೀ ಆಡಿದರು. ಪ್ರೇಕ್ಷಕರು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಎದ್ದು ನಡೆದು ಹೋಗಿ ನೋಡಿದರು. ಟಿಕೆಟ್ ಕೊಂಡು ಬಂದು ನಿದ್ದೆಗೆಟ್ಟು ನೋಡಿದವರಲ್ಲಿ ಮೊಬೈಲು ಹಿಡಿದ ತರುಣರು ಎಷ್ಟೋ ಮಂದಿ. ತಮಗೂ ಪಾಲಿದೆಯೆಂದು ತಿಳಿದರೆ ಜನರು ಬರುತ್ತಾರೆ. ಮನೆಯಲ್ಲಿ ಮೊಮ್ಮಗಳು ಎರಡು ಕುರ್ಚಿಗಳ ಮೇಲೆ ಬೆಡ್‌ಶೀಟು ಹೊದಿಸಿ ಅರಮನೆ ಕಟ್ಟುತ್ತಾಳೆ; ಕೈಯಳತೆಯಲ್ಲಿ ಟಿ.ವಿ. ಇದ್ದರೂ ಅದರ ಮುಂದೆ ಕಟ್ಟುವುದಿಲ್ಲ.

ಇನ್ನೊಂದು ಆಕ್ಷೇಪವು ಸಮಯದ್ದು. ಹತ್ತನೆಯ ತರಗತಿಯ ಫಲಿತಾಂಶದ ಒತ್ತಡದಲ್ಲಿ ಶಿಕ್ಷಕರಿಗೆ ರೀಪರು ಕತ್ತರಿಸಲು ಪುರುಸೊತ್ತೆಲ್ಲಿದೆ? ಇದು ನ್ಯಾಯವಾದ ಮಾತು. ಇಂದಿನ ಶಿಕ್ಷಕರ ಹೊರೆ ನಮ್ಮ ಕಾಲದ್ದಕ್ಕಿಂತ ಹೆಚ್ಚು. ಆದರೆ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಅಳತೆ, ಪ್ರಮಾಣ, ತ್ರಿಕೋನ, ಬೆಳಕು ಎಲ್ಲವೂ ಪಾಠಗಳಾಗಿಯೇ ಇವೆ. ಅವುಗಳಲ್ಲಿ ಕೆಲವನ್ನು ವೇದಿಕೆಯ ಮೇಲೆ ಮಾಡಿದರೆ ಸಮಯ ಉಳಿಯುತ್ತದೆಯೇ ಹೊರತು ಕಳೆಯುವುದಿಲ್ಲ. ಅಲ್ಲದೆ ನಾಟಕದಲ್ಲಿ ಮಾತನಾಡುವವರು ಎಂಟು ಹತ್ತು ಮಂದಿ, ಅವರು ಸಾಮಾನ್ಯವಾಗಿ ತರಗತಿಯಲ್ಲಿಯೂ ಮುಂದಿರುವವರು. ಕಟ್ಟುವ, ಬಳಿಯುವ, ಹೊರುವ ಕೆಲಸ ಮಿಕ್ಕ ಮೂವತ್ತು ಮಂದಿಯದು. ಪರದೆಯನ್ನು ತಂದು ನಿಲ್ಲಿಸಿದ ದಿನ ಕೈಯಿಂದ ಕೆಲಸ ಹೋಗುವುದು ಆ ಮೂವತ್ತು ಮಂದಿಗೆ. ಪಂಜರದ ಉಪಾಯವನ್ನು ಹೇಳಿದ ಹುಡುಗನಂಥವರು ಕುರ್ಚಿಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವವರಾಗುತ್ತಾರೆ. ನನಗೆ ನೋವಾಗುವುದು ಇದಕ್ಕೆ.

ಆದ್ದರಿಂದ ಬಳಗಕ್ಕೆ ನನ್ನ ಸಲಹೆ ಹೀಗಿದೆ. ಸಂಗ್ರಹಿಸಿದ ಹಣದಲ್ಲಿ ವೇದಿಕೆಯ ಮೂರು ಕಡೆಗೂ ದಪ್ಪನೆಯ ಕಪ್ಪು ಪರದೆ ಹಾಕಿಸಿರಿ. ಒಳ್ಳೆಯ ಮರದಲ್ಲಿ ಒಂದು, ಒಂದೂವರೆ, ಎರಡು ಅಡಿಗಳ ಅಳತೆಯ ಹನ್ನೆರಡು ಗಟ್ಟಿ ಪೆಟ್ಟಿಗೆಗಳನ್ನು ಮಾಡಿಸಿರಿ. ಯಾವ ಮಗ್ಗುಲಿಗೆ ಇಡುತ್ತೇವೆಯೋ ಅದಕ್ಕೆ ತಕ್ಕಂತೆ ಒಂದೇ ಪೆಟ್ಟಿಗೆಯು ಮೂರು ಎತ್ತರಗಳನ್ನು ಕೊಡುತ್ತದೆ. ಸಿಂಹಾಸನ, ಮೆಟ್ಟಿಲು, ಗುಡ್ಡ, ದೋಣಿ ಎಲ್ಲವೂ ಆಗುತ್ತದೆ. ಮುಖಕ್ಕೆ ಬೆಳಕು ಬೀಳುವಂತೆ ನಾಲ್ಕಾರು ದೀಪಗಳಿರಲಿ. ಅವುಗಳ ವಿದ್ಯುತ್ ಸಂಪರ್ಕವನ್ನು ಮಾತ್ರ ಪರವಾನಗಿಯುಳ್ಳ ಕೆಲಸಗಾರರಿಂದಲೇ ಮಾಡಿಸಿರಿ, ಮಕ್ಕಳ ಕೈಗೆ ಬೇಡ. ಗರಗಸ, ಸುತ್ತಿಗೆ, ಮೂಲೆಮಟ್ಟ, ಅಳತೆ ಟೇಪು ಇರುವ ಒಂದು ಸಾಮಾನಿನ ಪೆಟ್ಟಿಗೆ ಮತ್ತು ಇವನ್ನೆಲ್ಲ ಇಡಲು ಬೀಗವಿರುವ ಒಂದು ಕೋಣೆ. ಇವು ಕೆಟ್ಟರೆ ಊರಿನ ಬಡಗಿಯೇ ಸರಿಪಡಿಸಬಲ್ಲ; ಎಲ್‌ಇಡಿ ಪರದೆ ಕೆಟ್ಟರೆ ಪೇಟೆಯಿಂದ ಯಾರಾದರೂ ಬರುವವರೆಗೆ ಕಾಯಬೇಕು. ಹಣ ಉಳಿದರೆ, ನಿಮ್ಮಲ್ಲಿ ಮರಗೆಲಸ, ಹೊಲಿಗೆ, ವಿದ್ಯುತ್ ಕೆಲಸ ಬಲ್ಲವರು ವರ್ಷಕ್ಕೆ ಎರಡು ಶನಿವಾರ ಶಾಲೆಗೆ ಬಂದುಹೋಗಲು ಬಸ್ಸಿನ ಖರ್ಚಿಗೆ ಇಡಿ.

ಬೇರೆ ಅಭಿಪ್ರಾಯವುಳ್ಳವರು ನಿಸ್ಸಂಕೋಚವಾಗಿ ಬರೆಯಿರಿ. ತರಗತಿಯಲ್ಲಿ ನನ್ನ ಲೆಕ್ಕವನ್ನು ತಿದ್ದಿದವರ ಮೇಲೆ ನಾನು ಎಂದೂ ಕೋಪಿಸಿಕೊಂಡವನಲ್ಲ. ಬಳಗದ ಮುಂದಿನ ಸಭೆಗೆ ನಾನೂ ಬರುತ್ತೇನೆ. ವೇದಿಕೆಯ ಅಗಲ 24 ಅಡಿಯೇ ಇದೆಯೇ, ದುರಸ್ತಿಯಲ್ಲಿ ಬದಲಾಗಿದೆಯೇ ಎಂದು ಒಮ್ಮೆ ಅಳೆದು ನೋಡಬೇಕಾಗಿದೆ. ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಯಾರಾದರೂ ಒಬ್ಬರು ಸ್ವಲ್ಪ ಬೇಗ ಬನ್ನಿ.